ಕೈಯ ನುಡಿ



ಕರ್ಮೇಂದ್ರಿಯಗಳು ಐದು: ವಾಕ್, ಪಾಣಿ, ಪಾದ, ಪಾಯು, ಉಪಸ್ಥ. ಈ ಎಣಿಕೆಯಲ್ಲಿ ಮಾತಿನ ಮಗ್ಗುಲಲ್ಲಿಯೇ ಕೈ ಕುಳಿತಿದೆ. ಲೋಕವ್ಯವಹಾರದಲ್ಲಿಯೂ ಹಾಗೆಯೇ. ದನದ ಜಾತ್ರೆಯಲ್ಲಿ ದಲಾಲಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವುದನ್ನು ನೀವೆಲ್ಲ ಬಲ್ಲಿರಿ. ಅಲ್ಲಿ ತುಟಿ ಅಲುಗುವುದಿಲ್ಲ, ವ್ಯಾಪಾರ ಮುಗಿದಿರುತ್ತದೆ.

ಆದರೆ ಕೈ ಆಡುವುದು ಎದುರಿನವರಿಗಾಗಿ ಮಾತ್ರವೆ? 1998ರಲ್ಲಿ ಐವರ್ಸನ್ ಮತ್ತು ಗೋಲ್ಡಿನ್-ಮೆಡೋ ಎಂಬ ಅಮೆರಿಕೆಯ ವಿದುಷಿಯರು ಹುಟ್ಟಿನಿಂದಲೇ ಕಣ್ಣಿಲ್ಲದ ಮಕ್ಕಳನ್ನು ಮಾತನಾಡಿಸಿ ನೋಡಿದರು. ಕೈಸನ್ನೆಯನ್ನು ಎಂದೂ ಕಾಣದ ಆ ಮಕ್ಕಳು ಮಾತನಾಡುವಾಗ ಕೈ ಆಡಿಸಿದರು. ಕೇಳುವವರಿಗೂ ಕಣ್ಣಿಲ್ಲದಾಗ ಸಹ ಆಡಿಸಿದರು. ಅಂದಮೇಲೆ ಕೈಯ ಚಲನೆ ಆಲೋಚನೆಯ ಅಂಗವೇ ಆಗಿದೆಯೆಂದು ನಮಗೆ ತೋರುತ್ತದೆ.

ಇನ್ನೊಂದು ಪರೀಕ್ಷೆ 1986ರದು. ಎತ್ತರದ ಲೋಟದ ನೀರನ್ನು ಅಗಲವಾದ ತಟ್ಟೆಗೆ ಸುರಿದು, ನೀರು ಅಷ್ಟೇ ಇದೆಯೇ ಎಂದು ಮಕ್ಕಳನ್ನು ಕೇಳಿದರು. ಕೆಲವು ಮಕ್ಕಳ ಬಾಯಿ ಎತ್ತರದ ಮಾತನ್ನಷ್ಟೇ ಹೇಳುತ್ತಿತ್ತು. ಕೈ ಮಾತ್ರ ತಟ್ಟೆಯ ಅಗಲವನ್ನು ತೋರಿಸುತ್ತಿತ್ತು. ಬಾಯಿಗೆ ಬಾರದ ತಿಳಿವು ಕೈಗೆ ಮೊದಲೇ ಬಂದಿತ್ತು! ಅಂಥ ಮಕ್ಕಳೇ ಪಾಠವನ್ನು ಬೇಗ ಹಿಡಿದರು. ನಮ್ಮ ಶಾಲೆಗಳಲ್ಲಿಯೋ, ಕೈಕಟ್ಟಿ ಕುಳಿತ ಹುಡುಗನೇ ಜಾಣ. ಲೆಕ್ಕ ಹೇಳುವಾಗ ಬೆರಳು ಆಡಿಸಿದರೆ ಗದರಿಕೆ. ಇದು ಶಿಸ್ತಲ್ಲ, ಅರ್ಧ ಬುದ್ಧಿಯನ್ನು ಕಟ್ಟಿಹಾಕುವುದು; ಮಠದ ಶಾಲೆಯಾದರೂ ನಾವು ಇದನ್ನು ಒಪ್ಪುವುದಿಲ್ಲ. ಸಾಮವೇದಿಗಳು ಬೆರಳಿನ ಗೆಣ್ಣುಗಳ ಮೇಲೆ ಸ್ವರವನ್ನು ಗುರುತಿಸುತ್ತ ಹಾಡುತ್ತಾರೆ. ಸಂಗೀತ ಕಲಿಯುವ ಮಗು ತೊಡೆಯ ಮೇಲೆ ಆದಿತಾಳದ 8 ಅಕ್ಷರಗಳನ್ನು ಹಾಕಿದ ಹೊರತು ಪಾಠ ಮುಂದೆ ಸಾಗದು.

ಲಿಂಗವನ್ನು ಕರಡಿಗೆಯಲ್ಲಿಯೇ ಇರಿಸಿ ಮನಸ್ಸಿನಲ್ಲಿ ನೆನೆದರೆ ಸಾಲದೆ, ಕೈಗೆ ತೆಗೆದುಕೊಳ್ಳಲೇಬೇಕೆ ಎಂದು ಓದಿದ ತರುಣರು ನಮ್ಮನ್ನು ಕೇಳುವುದುಂಟು. ಪ್ರಶ್ನೆ ಉದ್ಧಟತನದ್ದಲ್ಲ, ಉತ್ತರಿಸಬೇಕಾದದ್ದೇ. ಬರಿಯ ಮನಸ್ಸಿಗೆ ತಾನು ಅಲೆದದ್ದು ತಿಳಿಯುವುದಿಲ್ಲ. ಸಂತೆ ಸುತ್ತಿ ಬಂದರೂ ಧ್ಯಾನದಲ್ಲಿಯೇ ಇದ್ದೆನೆಂದು ಭ್ರಮಿಸುತ್ತದೆ. ಎಡ ಅಂಗೈಯ ಮೇಲೆ ಲಿಂಗವನ್ನಿರಿಸಿ ಎದೆಯ ಮುಂದೆ ಹಿಡಿದು ದೃಷ್ಟಿ ನೆಟ್ಟವನಿಗಾದರೋ, ಚಿತ್ತ ಜಾರಿದೊಡನೆ ಅಂಗೈ ವಾಲುತ್ತದೆ, ಕೈ ಕೆಳಗಿಳಿಯುತ್ತದೆ. ಕೈಯನ್ನು ಮತ್ತೆ ಎತ್ತುವಾಗ ಮನಸ್ಸೂ ಜೊತೆಗೆ ಏಳುತ್ತದೆ. ಹಿರಿಯರು ಅಂಗೈಯನ್ನು ಕರಪೀಠವೆಂದು ಕರೆದದ್ದು ಬರಿಯ ಅಲಂಕಾರದ ಮಾತಲ್ಲ. ಸಂದೇಹವಿದ್ದವರು ನಾಳೆ ಬೆಳಿಗ್ಗೆ ಪೂಜೆಯಲ್ಲಿ ತಮ್ಮ ಕೈಯನ್ನೇ ಗಮನಿಸಿ ನೋಡಲಿ; ಎಷ್ಟು ಸಲ ಇಳಿಯಿತೆಂದು ನಮಗೆ ಬಂದು ಹೇಳಬೇಕಾಗಿಲ್ಲ.