ಲೆಕ್ಕಕ್ಕೆ ಸಿಗದ ಸರಕು

ಗಣಕಯಂತ್ರಕ್ಕೆ ಕೆಲಸ ಹೇಳಿಕೊಡುವ ಆದೇಶಗಳ ಸಮೂಹವನ್ನು ಕನ್ನಡದಲ್ಲಿ ನಾವು ‘ತಂತ್ರಾಂಶ’ ಎನ್ನುತ್ತೇವೆ. ಈ ಮಾತನ್ನು ಟಂಕಿಸಿದವರು ಉದ್ದೇಶಿಸಿದ್ದರೋ ಇಲ್ಲವೋ, ಅದರೊಳಗಿನ ‘ಅಂಶ’ ಎಂಬ ಪದ ನನಗೆ ಬಹಳ ಉಚಿತವಾಗಿ ಕಾಣುತ್ತದೆ. ದೊಡ್ಡ ಸಂಸ್ಥೆಯೊಂದರ ವ್ಯವಹಾರದಲ್ಲಿ ಅದು ಒಂದಂಶ ಮಾತ್ರ. ಉಳಿದದ್ದು ಅಲ್ಲಿ ದುಡಿಯುವವರ ನೆನಪಿನಲ್ಲಿ, ರೂಢಿಯಲ್ಲಿ, ಬಾಯಿಮಾತಿನಲ್ಲಿ ಇರುತ್ತದೆ. ಹೊಸ ತಂತ್ರಾಂಶವನ್ನು ತರುವ ಸಂಸ್ಥೆಗಳು ಎಡವುವುದು ಹೆಚ್ಚಾಗಿ ಈ ಉಳಿದ ಭಾಗದಲ್ಲಿಯೇ.

ಅಮೆರಿಕದ ಹರ್ಷಿ ಎಂಬ ಚಾಕೊಲೇಟ್ ಕಂಪನಿಯ ಪ್ರಸಂಗವನ್ನು ನೋಡಿ. 1990ರ ದಶಕದ ಕೊನೆಯಲ್ಲಿ ಅದು ಬೇಡಿಕೆ, ದಾಸ್ತಾನು, ಸಾಗಣೆ, ಲೆಕ್ಕಪತ್ರ ಇವೆಲ್ಲವನ್ನೂ ಒಂದೇ ಗಣಕ ವ್ಯವಸ್ಥೆಯೊಳಗೆ ತರಲು ಹೊರಟಿತು. ವೆಚ್ಚ ಸುಮಾರು 11.2 ಕೋಟಿ ಡಾಲರ್. ನಾಲ್ಕು ವರ್ಷ ಬೇಕೆಂದಿದ್ದ ಕೆಲಸಕ್ಕೆ ಕೊಟ್ಟದ್ದು 30 ತಿಂಗಳು. ಇಸವಿ 2000 ಹುಟ್ಟಿದರೆ ಹಳೆಯ ಗಣಕಗಳು ತಾರೀಖನ್ನೇ ತಪ್ಪಾಗಿ ಓದುವುವೆಂಬ ಭಯ ಆಗ ಎಲ್ಲೆಡೆಯೂ ಇತ್ತಷ್ಟೆ. 1999ರ ಏಪ್ರಿಲ್‌ನಲ್ಲಿ ಆಗಬೇಕಿದ್ದ ಆರಂಭ ಜುಲೈಗೆ ಜಾರಿತು. ಅದು ಅಕ್ಟೋಬರ್ ಕೊನೆಯ ಹ್ಯಾಲೊವೀನ್ ಹಬ್ಬಕ್ಕಾಗಿ ಅಂಗಡಿಗಳಿಂದ ಬೇಡಿಕೆಗಳು ಬಂದು ಬೀಳುವ ಕಾಲ. ದೀಪಾವಳಿಯ ವ್ಯಾಪಾರ ಏರುತ್ತಿರುವಾಗ ನಮ್ಮ ಜವಳಿ ಅಂಗಡಿಯ ಸಾಹುಕಾರರು ಕಿರ್ದಿ ಬರೆಯುವ ಕ್ರಮವನ್ನೇ ಬದಲಿಸಿದರೆ ಹೇಗಿದ್ದೀತು!

ಮುಂದೆ ಆದದ್ದು ವಿಚಿತ್ರ. ಕಂಪನಿಯ ಬಳಿ ಸರಕು ಇತ್ತು. ಅಂಗಡಿಗೆ ಮಾತ್ರ ತಲಪಲಿಲ್ಲ. ಹಬ್ಬಕ್ಕೆ ಮುಂಚೆ ತಯಾರಾದ ಹೆಚ್ಚಿನ ಮಾಲನ್ನು ಖಾಲಿ ಬಿದ್ದ ಮೂಲೆಗಳಲ್ಲೋ ಬಾಡಿಗೆಯ ಜಾಗಗಳಲ್ಲೋ ತಾತ್ಕಾಲಿಕವಾಗಿ ಪೇರಿಸಿಡುವುದು ಅಲ್ಲಿಯ ರೂಢಿ. ಎಲ್ಲಿ ಏನಿದೆಯೆಂಬುದು ಕೆಲಸಗಾರರಿಗೆ ತಿಳಿದಿತ್ತು, ಬರೆದಿಡುವ ಅಗತ್ಯ ಬಿದ್ದಿರಲಿಲ್ಲ. ಹೊಸ ವ್ಯವಸ್ಥೆಗೆ ಇಂಥ ಜಾಗಗಳನ್ನು ದಾಸ್ತಾನಿನ ಸ್ಥಳಗಳೆಂದು ತಿಳಿಸಿರಲಿಲ್ಲ. ಅದರ ಪಟ್ಟಿಯಲ್ಲಿ ಇಲ್ಲದ ಸರಕು ಅದರ ಪಾಲಿಗೆ ಲೋಕದಲ್ಲಿಯೇ ಇಲ್ಲ. ಸುಮಾರು 10 ಕೋಟಿ ಡಾಲರ್ ಬೆಲೆಯ ಬೇಡಿಕೆಯನ್ನು ಪೂರೈಸಲಾಗದೆ, ಆ ಮೂರು ತಿಂಗಳ ಲಾಭ ಶೇಕಡಾ 19ರಷ್ಟು ಕುಸಿಯಿತು. ದೋಷವೆಲ್ಲ ತಂತ್ರಾಂಶದ್ದೇ ಎನ್ನೋಣವೇ? 2002ರಲ್ಲಿ ಕಂಪನಿ ಅದೇ ತಯಾರಕರ ಹೊಸ ಆವೃತ್ತಿಗೆ ಬದಲಾಯಿತು. ಈ ಸಲ ಸಾವಧಾನವಾಗಿ ಪರೀಕ್ಷಿಸಿದ್ದರು. ಕೆಲಸ ಗದ್ದಲವಿಲ್ಲದೆ ಮುಗಿಯಿತು.

ಇದ್ದದ್ದು ಲೆಕ್ಕದಲ್ಲಿ ಕಾಣದೆ ಹೋದಾಗ ಆದ ನಷ್ಟ ಇದು. ಇಲ್ಲದ್ದು ಲೆಕ್ಕದಲ್ಲಿ ಕಂಡರೆ ಏನಾದೀತೆಂಬುದನ್ನು ಬ್ರಿಟನ್ನಿನ ಅಂಚೆ ಕಂಪನಿ ತೋರಿಸಿಕೊಟ್ಟಿದೆ. ಅದು 1999ರಿಂದ ತನ್ನ ಶಾಖೆಗಳಲ್ಲಿ ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆಯನ್ನು ಸ್ಥಾಪಿಸಿತು. ಹಳ್ಳಿ ಪೇಟೆಗಳಲ್ಲಿ ಕರಾರಿನ ಮೇಲೆ ಶಾಖೆ ನಡೆಸುತ್ತಿದ್ದ ಉಪ ಅಂಚೆಪಾಲಕರಿಗೆ, ಸಂಜೆ ಲೆಕ್ಕ ಮುಗಿಸುವಾಗ, ಪರದೆಯ ಮೇಲೆ ಕಾರಣವಿಲ್ಲದ ಕೊರತೆಗಳು ಕಾಣತೊಡಗಿದವು. ಸಹಾಯ ಕೇಳಿ ದೂರವಾಣಿ ಮಾಡಿದವರಿಗೆ, ‘ಇಂಥ ತೊಂದರೆ ನಿಮ್ಮೊಬ್ಬರಿಗೇ’ ಎಂಬ ಉತ್ತರ ಬಂದದ್ದುಂಟು. ಕೊರತೆ ತುಂಬಿಕೊಡಬೇಕಾದವರು ಅವರೇ. ಕೆಲವರು ಉಳಿತಾಯದ ಹಣ ಸುರಿದರು, ಕೆಲವರು ಮನೆ ಕಳೆದುಕೊಂಡರು. ಕಳ್ಳತನ, ಸುಳ್ಳು ಲೆಕ್ಕದ ಆರೋಪಗಳ ಮೇಲೆ 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿದರು; ಅವರಲ್ಲಿ ಸೆರೆಮನೆಗೆ ಹೋದವರೂ ಇದ್ದರು.

ಇಲ್ಲಿ ನ್ಯಾಯದ ಸೂಕ್ಷ್ಮವೊಂದಿದೆ. ಗಣಕದ ಸಾಕ್ಷ್ಯವನ್ನು ಮುಂದಿಡುವವರು ಅದು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕೆಂಬ ನಿಯಮ ಇಂಗ್ಲೆಂಡಿನ ಕಾನೂನಿನಲ್ಲಿತ್ತು. ಹೊರೈಜನ್ ಹರಡುತ್ತಿದ್ದ ದಿನಗಳಲ್ಲೇ ಅದನ್ನು ತೆಗೆದುಹಾಕಿದ್ದರು. ಯಂತ್ರ ಸರಿಯೆಂದೇ ಊಹೆ. ಸಂಶಯ ಹುಟ್ಟಿಸುವ ಹೊಣೆ ಆಪಾದಿತರ ಮೇಲೆ. ಯಂತ್ರದ ಒಳಗನ್ನು ನೋಡಲಾರದ ಅಂಚೆಪಾಲಕರು ಅದನ್ನು ಹೇಗೆ ಮಾಡಿಯಾರು?

ಆಲನ್ ಬೇಟ್ಸ್ ಮುಂತಾದವರು ಪಟ್ಟು ಬಿಡದೆ ನ್ಯಾಯಾಲಯಕ್ಕೆ ಹೋದ ಮೇಲೆ, ಶಾಖೆಯ ಲೆಕ್ಕವನ್ನು ಕೆಡಿಸಬಲ್ಲ ದೋಷಗಳು ವ್ಯವಸ್ಥೆಯಲ್ಲಿದ್ದವೆಂದು 2019ರ ಡಿಸೆಂಬರ್‌ನಲ್ಲಿ ಹೈಕೋರ್ಟು ತೀರ್ಪಿತ್ತಿತು. 2024ರ ಮೇ ತಿಂಗಳಲ್ಲಿ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಿ ನೂರಾರು ಅಪರಾಧ ನಿರ್ಣಯಗಳನ್ನು ಒಟ್ಟಿಗೆ ರದ್ದುಗೊಳಿಸಿತು. ಆ ವೇಳೆಗೆ ಅವರಲ್ಲಿ ಹಲವರು ತೀರಿಕೊಂಡಿದ್ದರು.