ಕುದುರೆಯ ಕಣ್ಣಿನೊಳಗಿನ ಡ್ರೈನೇಜ್

ಹಾಸ್ಟೆಲ್ ಬಾತ್‌ರೂಮಿನಲ್ಲಿ ನೀರು ನಿಂತರೆ ಯಾರೂ ನಲ್ಲಿಯನ್ನು ಬೈಯೋದಿಲ್ಲ. ಜಾಲರಿಗೆ ಸಿಕ್ಕಿಕೊಂಡ ಕೂದಲು ತೆಗೀತೀವಿ. ಕುದುರೆಗೆ ಗ್ಲಾಕೋಮಾ ಬಂದಾಗಲೂ ಕಥೆ ಹೆಚ್ಚುಕಡಿಮೆ ಇದೇ. ತೊಂದರೆ ಸಾಮಾನ್ಯವಾಗಿ ನೀರು ಬರೋ ಕಡೆ ಅಲ್ಲ, ಹೋಗೋ ಕಡೆ.

ಇದು ಕಣ್ಣೀರಿನ ವಿಷಯ ಅಲ್ಲ. ಕಣ್ಣೀರು ಕಣ್ಣನ್ನು ಹೊರಗಿನಿಂದ ತೊಳೆದು ಮೂಗಿನೊಳಕ್ಕೆ ಇಳಿಯುತ್ತೆ. ನಾವು ನೋಡ್ತಿರೋದು ಕಣ್ಣುಗುಡ್ಡೆಯ ಒಳಗಿನ ತಿಳಿನೀರನ್ನು, ಅಂದರೆ ಅಕ್ವಿಯಸ್ ಹ್ಯೂಮರ್. ಕಾರ್ನಿಯಾ ಮತ್ತು ಲೆನ್ಸ್ ಪಾರದರ್ಶಕವಾಗಿರಬೇಕು, ಹಾಗಾಗಿ ಅವುಗಳಲ್ಲಿ ರಕ್ತನಾಳ ಇಲ್ಲ. ಅವಕ್ಕೆ ಪೋಷಣೆ ಕೊಡೋದು, ಗುಡ್ಡೆಯ ಆಕಾರ ಕಾಪಾಡೋದು ಈ ನೀರಿನ ಕೆಲಸ.

ನೀರು ಹುಟ್ಟೋದು ಐರಿಸ್‌ನ ಹಿಂದಿರುವ ಸಿಲಿಯರಿ ಬಾಡಿಯಲ್ಲಿ. ಅಲ್ಲಿಂದ ಲೆನ್ಸ್ ಮತ್ತು ಐರಿಸ್ ನಡುವೆ ನುಸುಳಿ, ಪಾಪೆಯ ಮೂಲಕ ಮುಂದಿನ ಕೋಣೆಗೆ ಬರುತ್ತೆ. ಹೊರಹೋಗಲು ಎರಡು ದಾರಿ ಇವೆ.

ಮೊದಲನೆಯದು ಐರಿಸ್ ಮತ್ತು ಕಾರ್ನಿಯಾ ಸೇರುವ ಮೂಲೆ. ಅಲ್ಲಿ ಪೆಕ್ಟಿನೇಟ್ ಲಿಗಮೆಂಟ್ ಎಂಬ ಎಳೆಗಳಿವೆ, ಚರಂಡಿ ಬಾಯಿಗೆ ಹಾಕಿದ ಸರಳುಗಳ ಹಾಗೆ. ಮನುಷ್ಯನ ಕಣ್ಣಿನ ಆ ಮೂಲೆ ನೋಡಲು ವಿಶೇಷ ಲೆನ್ಸ್ ಬೇಕು. ಕುದುರೆಯಲ್ಲಿ ಮೂಗಿನ ಕಡೆಗೂ ಕಿವಿಯ ಕಡೆಗೂ ಈ ಎಳೆಗಳು ಬರೀ ಟಾರ್ಚ್ ಬೆಳಕಿನಲ್ಲೇ ಕಾಣುತ್ತವೆ. ಸರಳು ದಾಟಿದ ನೀರು ಟ್ರಾಬೆಕ್ಯುಲರ್ ಮೆಶ್‌ವರ್ಕ್ ಎಂಬ ಜರಡಿಯಲ್ಲಿ ಸೋಸಿ, ಸಣ್ಣ ನಾಳಗಳ ಜಾಲ ಸೇರಿ, ರಕ್ತಕ್ಕೆ ಹೋಗುತ್ತೆ. ನಮ್ಮ ಕಣ್ಣಿನಲ್ಲಿರುವ ಶ್ಲೆಮ್ ಕಾಲುವೆ ಕುದುರೆಗಿಲ್ಲ; ಅದರ ಜಾಗದಲ್ಲಿ ಈ ಜಾಲ.

ಎರಡನೆಯದು ಸಿಲಿಯರಿ ಬಾಡಿಯ ಸ್ನಾಯುಗಳ ಸಂದಿಯಲ್ಲಿ ಜಿನುಗಿ, ಗುಡ್ಡೆಯ ಗೋಡೆಯ ಕಡೆ ಸಾಗುವ ಯುವಿಯೋಸ್ಕ್ಲೀರಲ್ ದಾರಿ. ಕುದುರೆಯಲ್ಲಿ ಇದು ನಾಯಿ, ಬೆಕ್ಕುಗಳಿಗಿಂತ ದೊಡ್ಡ ಪಾಲು ಹೊರುತ್ತೆ.

ಇದನ್ನೆಲ್ಲ ಗೋಲ್ಡ್‌ಮನ್ ಸಮೀಕರಣ ಒಂದೇ ಸಾಲಿನಲ್ಲಿ ಹೇಳುತ್ತೆ:

ಒತ್ತಡ = (ಒಟ್ಟು ಉತ್ಪತ್ತಿ − ಎರಡನೇ ದಾರಿಯ ಹರಿವು) ÷ ಮೊದಲ ದಾರಿಯ ಸರಾಗತೆ + ಹೊರಗಿನ ರಕ್ತನಾಳದ ಒತ್ತಡ

ಓಮ್ಸ್ ಲಾ ನೆನಪಾಯ್ತಾ? ಸರಾಗತೆ ಅಂದರೆ ರೆಸಿಸ್ಟೆನ್ಸ್‌ನ ತಲೆಕೆಳಗು, ಅಷ್ಟೇ. ಆರೋಗ್ಯವಂತ ಕುದುರೆಯಲ್ಲಿ ಒತ್ತಡ ಸುಮಾರು 17ರಿಂದ 28 ಮಿಲಿಮೀಟರ್ ಪಾದರಸ. 25 ಅಂದರೆ 34 ಸೆಂಟಿಮೀಟರ್ ಎತ್ತರದ ನೀರಿನ ಕಂಬ. ಕುದುರೆ ಮೇಯಲು ತಲೆ ತಗ್ಗಿಸಿದರೆ ಸಮೀಕರಣದ ಕೊನೆಯ ಪದ ಏರಿ, ರೀಡಿಂಗೂ ಏರುತ್ತೆ. ಹಾಗಾಗಿ ಅಳೆಯುವಾಗ ತಲೆ ಎದೆಗಿಂತ ಮೇಲಿರಬೇಕು.

ಇನ್ನು ಕಟ್ಟಿಕೊಳ್ಳುವ ವಿಷಯ. ಕುದುರೆಗಳಲ್ಲಿ ಕಣ್ಣಿನೊಳಗಿನ ಉರಿಯೂತ, ಯುವಿಯೈಟಿಸ್, ಮತ್ತೆ ಮತ್ತೆ ಮರುಕಳಿಸುವುದುಂಟು. ಆಗ ಪ್ರೋಟೀನು, ಜೀವಕೋಶಗಳ ಕಸ ಜರಡಿಗೆ ಮೆತ್ತಿಕೊಳ್ಳುತ್ತೆ. ಕೆಲವೊಮ್ಮೆ ಐರಿಸ್ ಲೆನ್ಸಿಗೇ ಅಂಟಿ ಪಾಪೆಯ ದಾರಿಯೂ ಮುಚ್ಚುತ್ತೆ. ಉತ್ಪತ್ತಿ ಮಾತ್ರ ಪೂರ್ತಿ ನಿಲ್ಲೋದಿಲ್ಲ. ಒತ್ತಡ ಏರಿ, ಕಣ್ಣಿನ ನರ ಸಾಯುತ್ತೆ. ಸತ್ತ ನರ ಮರಳಿ ಬರಲ್ಲ.

ಮೋಸ ಮಾಡೋದು ಇಲ್ಲೇ. ಈ ಕಾಯಿಲೆಯಲ್ಲಿ ಒತ್ತಡ ದಿನವಿಡೀ ಏರಿಳಿಯುತ್ತೆ. ಒಂದು ರೀಡಿಂಗ್ ನಾರ್ಮಲ್ ಬಂತು ಅಂದರೆ ಕಾಯಿಲೆ ಇಲ್ಲ ಅಂತಲ್ಲ. ನಾವು ಕೂಡ ಒಂದೇ ಸ್ಯಾಂಪಲ್ ತಗೊಂಡು ಸಿಗ್ನಲ್ ಹೀಗಿದೆ ಅಂತ ಹೇಳಲ್ಲ ತಾನೇ? ಡಾಕ್ಟರು ಹಲವು ಸಲ ಅಳೆಯುತ್ತಾರೆ, ಕಾರ್ನಿಯಾ ಮಂಜಾಗಿದೆಯಾ, ಅದರ ಮೇಲೆ ಬಿಳಿ ಗೆರೆ ಬಿದ್ದಿದೆಯಾ, ಗುಡ್ಡೆ ಊದಿದೆಯಾ ಅಂತಲೂ ನೋಡುತ್ತಾರೆ.

ಚಿಕಿತ್ಸೆಯೂ ಸಮೀಕರಣದಲ್ಲೇ ಇದೆ. ಡೋರ್ಜೋಲಮೈಡ್, ಟಿಮೋಲಾಲ್ ಹನಿಗಳು ಉತ್ಪತ್ತಿ ಇಳಿಸುತ್ತವೆ. ಜೊತೆಗೆ ಉರಿಯೂತಕ್ಕೂ ಔಷಧ ಬೇಕು. ಮನುಷ್ಯರಿಗೆ ಎರಡನೇ ದಾರಿ ತೆರೆಯಲು ಕೊಡುವ ಲ್ಯಾಟನೋಪ್ರೋಸ್ಟ್ ಕುದುರೆಗೆ ಅಷ್ಟಾಗಿ ಒಗ್ಗಲ್ಲ, ಕಣ್ಣು ಕೆರಳುತ್ತೆ. ಸಮೀಕರಣ ಒಂದೇ ಆದರೂ ಪ್ಲಂಬಿಂಗ್ ಬೇರೆ.

ಕಣ್ಣು ಮಂಜಾಯ್ತು ಅಂತ ಕುದುರೆ ಬಾಯಿಬಿಟ್ಟು ಹೇಳಲ್ಲ. ಕಣ್ಣು ಕಿರಿದು ಮಾಡಿಕೊಂಡು, ನೀರು ಸುರಿಸುತ್ತಾ, ಬೆಳಕಿಗೆ ಮುಖ ತಿರುಗಿಸಿ ನಿಂತ ಕುದುರೆ ಎಲ್ಲಾದರೂ ಕಂಡರೆ, ನಾಳೆ ನೋಡೋಣ ಅನ್ನದೆ ಅದರ ಯಜಮಾನನಿಗೆ ಅವತ್ತೇ ಹೇಳಿ.