ಸುದ್ದಿಗೂ ಬೆರಳಿಗೂ ನಡುವೆ ಒಂದು ಓಣಿ

ಬೆಂಗಳೂರಿನ ಶಂಕರಪುರಂನಿಂದ ಬಸವನಗುಡಿಯ ಕಡೆ ನಡೆದರೆ ಹಳೆಯ ಮನೆಗಳ ಹಿಂಬದಿಯಲ್ಲಿ, ಶುಚಿ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಓಣಿಗಳು ಸಿಗುತ್ತವೆ. 1898ರ ಪ್ಲೇಗು ಪೇಟೆಯ ಇಕ್ಕಟ್ಟು ಕೇರಿಗಳನ್ನು ನಡುಗಿಸಿದ ಮೇಲೆ, ಗಾಳಿ ಬೆಳಕಿಗೆ ಎಡೆಯಿಟ್ಟ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳಲ್ಲಿ ಜನ ಬಂದು ನೆಲೆಸಿದರು. ಸೋಂಕಿಗೆ ಹೆದರಿದ ಊರು ಮನೆಗಳ ನಡುವೆ ಜಾಗ ಬಿಡುವುದನ್ನು ಕಲಿಯಿತು.

ಇದೇ ಸೀಮೆಗೆ 120 ವರ್ಷಗಳ ನಂತರ ಇನ್ನೊಂದು ಬಗೆಯ ಸೋಂಕು ತಗುಲಿತು. 2018ರ ಮೇ 23ರಂದು ಪಕ್ಕದ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26ರ ಯುವಕನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಗುಂಪೊಂದು ಹೊಡೆದು ಕೊಂದಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಯಾಪ್ ಸಂದೇಶಗಳು ಅದಕ್ಕೂ ಮೊದಲೇ ಮೊಬೈಲ್‌ಗಳಲ್ಲಿ ಹರಿದಾಡಿದ್ದವು. ಆಗ ದೇಶದ ಉದ್ದಗಲಕ್ಕೂ ಹಬ್ಬಿದ್ದ ಅಪಹರಣದ ಒಂದು ವಿಡಿಯೊ, ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಅದು ಜಾಗೃತಿಗಾಗಿ ಮಾಡಿದ್ದೆಂದು ತಿಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.

ಈ ಸೋಂಕು ಬರುವ ದಾರಿ ಮೊದಲು ಇಷ್ಟು ಹತ್ತಿರವಿರಲಿಲ್ಲ. 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ ಅದು ನಮಗೆ ಹೊರಗಿನ ಲೋಕ. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು, ಸೈಬರ್ ಕೆಫೆಯಲ್ಲಿ ಕುಳಿತು ಇಣುಕಿ ಬರುತ್ತಿದ್ದೆವು. ಮಕ್ಕಳು ಅಲ್ಲಿ ಏನು ನೋಡುತ್ತಾರೋ ಎಂದು ಹಿರಿಯರಿಗೆ ಅನುಮಾನ. ಈಗ ಆ ಲೋಕ ಚಿಕ್ಕಮ್ಮನ, ಭಾವನ, ಪಕ್ಕದ ಮನೆಯವರ ಹೆಸರಿನಲ್ಲಿ ಅಂಗೈಗೇ ಬರುತ್ತದೆ. ಬರೆದವರು ಯಾರೋ ಗೊತ್ತಿಲ್ಲ, ಕಳಿಸಿದವರು ನಮ್ಮವರು. ಅವರ ಮೇಲಿನ ವಿಶ್ವಾಸವನ್ನೇ ಸಂದೇಶಕ್ಕೂ ಕೊಟ್ಟುಬಿಡುತ್ತೇವೆ.

ಹರಡುವ ಲೆಕ್ಕ ಸರಳ. ಒಬ್ಬೊಬ್ಬರೂ 20 ಜನಕ್ಕೆ ಕಳಿಸಿದರೆ ಮೂರನೆಯ ಸುತ್ತಿನಲ್ಲಿ 8,000 ಮಂದಿ. ಐದೇ ಜನಕ್ಕೆ ಕಳಿಸಿದರೆ 125. ಸಾಂಕ್ರಾಮಿಕ ರೋಗದ ಗಣಿತವೂ ಇದೇ. 2018ರ ಜುಲೈನಲ್ಲಿ ವಾಟ್ಸ್ಯಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತಂದಿತು. ಅದೇ ವರ್ಷ ಎಂಐಟಿ ಸಂಶೋಧಕರು ಟ್ವಿಟರ್‌ನ ಸುಮಾರು 1,26,000 ಸುದ್ದಿಸರಣಿಗಳನ್ನು ಅಳೆದು ನೋಡಿದ ಫಲ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು: 1,500 ಜನರನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಬೇಕಾಗಿತ್ತು. ಸುಳ್ಳನ್ನು ಹೆಚ್ಚು ಹೊತ್ತೊಯ್ದದ್ದು ಸ್ವಯಂಚಾಲಿತ ಖಾತೆಗಳಲ್ಲ, ಮನುಷ್ಯರೇ. ಸುಳ್ಳಿನಲ್ಲಿ ಹೊಸತನವೂ ಬೆರಗೂ ಹೆಚ್ಚು.

ಇಂದು ಮತ್ತೆ ಭಯ ತಲೆಯೆತ್ತಿದೆ. ವಂಚಕರು ‘ಡಿಜಿಟಲ್ ಅರೆಸ್ಟ್’ ಎಂದು ವಿಡಿಯೊ ಕರೆಯಲ್ಲಿ ಬೆದರಿಸಿ ಒಂಟಿ ಹಿರಿಯರ ಉಳಿತಾಯ ದೋಚುತ್ತಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಅವರು ಮೊದಲು ಕಸಿಯುವುದು ಯೋಚಿಸುವ ಸಮಯವನ್ನು. ಕರೆ ಕತ್ತರಿಸಿ, ಮನೆಯವರೊಡನೆ ಮಾತಾಡಿ, ಹಣ ಹೋಗಿದ್ದರೆ ಕೂಡಲೇ 1930 ಸಹಾಯವಾಣಿಗೆ ತಿಳಿಸಿ.

ಫೋನನ್ನು ದೂರವಿಟ್ಟು ಬದುಕಬೇಕಾಗಿಲ್ಲ. ಪ್ಲೇಗು ಬಂತೆಂದು ನಮ್ಮ ಹಿರಿಯರು ನೆರೆಹೊರೆಯ ಬದುಕನ್ನೇ ಬಿಡಲಿಲ್ಲ. ನಡುವೆ ಒಂದು ಓಣಿ ಬಿಟ್ಟರು. ಓದಿದ್ದಕ್ಕೂ ಒತ್ತುವುದಕ್ಕೂ ನಡುವೆ ಅಷ್ಟೇ ಅಗಲದ ಒಂದು ನಿಮಿಷ ನಮಗೆ ಬೇಕು.